ಕೇಜನ್ ಮಸಾಲಾ ಡಬ್ಬಿ ತರಿಸಿ ಮನ್ಯಾಗ ಸೀಗಡಿ ಬಾಲ್ಸ್: ದುಡ್ಡಿಗೆ ಮೋಸ ಇಲ್ಲ, ಆದ್ರ ಉಪ್ಪು ನೋಡ್ಕೋರಿ

ನಮ್ಮ ಗಂಗಾವತಿ ಕಿರಾಣಿ ಅಂಗಡ್ಯಾಗ ಕೇಜನ್ ಮಸಾಲಾ ಕೇಳಿದ್ರ ಚಿಕನ್ ಮಸಾಲಾ ಕೊಡ್ತಾರ, ಅದಕ್ಕ ಆನ್‌ಲೈನ್‌ನಾಗ ತರಿಸಿದೆ. ಬರೇ ಸ್ಟಾರ್ ನೋಡಿ ಆರ್ಡರ್ ಮಾಡೋರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಾನೇ ಬರಿಯಾಕತ್ತೀನಿ. 5ಕ್ಕ 4 ಸ್ಟಾರ್ ಕೊಟ್ಟೀನಿ.

ನಾನು ತರಿಸಿದ್ದು ಬೂಡಾನ್ ಬಾಲ್ಸ್ ಮಾಡಾಕ. ಅಮೆರಿಕಾದ ಲೂಸಿಯಾನಾದಾಗ ಬೂಡಾನ್ ಅಂದ್ರ ಅನ್ನ, ಹಂದಿ ಮಾಂಸ, ಲಿವರ್, ಉಳ್ಳಾಗಡ್ಡಿ ಕಲಸಿ ಮಾಡೋ ಸಾಸೇಜು, ಅದರ ಒಳಗಿನ ಹೂರಣ ಉಂಡಿ ಕಟ್ಟಿ ಕರದ್ರ ಬೂಡಾನ್ ಬಾಲ್. ಸೀಗಡಿ, ಕ್ರಾಫಿಶ್ (ಸಿಹಿನೀರಿನ ಸೀಗಡಿಯಂಥಾ ಜೀವಿ) ಹಾಕಿದ್ದೂ ಮಾಡ್ತಾರ. ಪೆಟ್ರೋಲ್ ಬಂಕಿನ ಅಂಗಡ್ಯಾಗೂ ಬಿಸಿಬಿಸಿ ಸಿಗತಾವಂತ, ನಮ್ಮ ಬಸ್‌ಸ್ಟ್ಯಾಂಡ್ ಮಿರ್ಚಿ ಇದ್ದಂಗ. ಈ ಅಡಗಿ ಲೂಸಿಯಾನಾದ ಕೇಜನ್ ಮಂದೀದು, ಅವರು ಮೂಲ ಫ್ರೆಂಚರು, 1755ರಿಂದ ಬ್ರಿಟಿಷರು ಕೆನಡಾ ಕಡಿ ಅಕೇಡಿಯಾದಿಂದ ಹೊರಗ ಹಾಕಿದ್ರು, ಅವರಾಗ ಎಷ್ಟೋ ಮಂದಿ ಲೂಸಿಯಾನಾಕ್ಕ ಬಂದು ನಿಂತ್ರು. ಅಲ್ಲೂ ಭತ್ತದ ಗದ್ದಿ ಭಾಳ, ಭತ್ತ ಕೊಯ್ದ ಮ್ಯಾಲೆ ಅದೇ ಗದ್ದ್ಯಾಗ ನೀರು ನಿಲ್ಲಿಸಿ ಕ್ರಾಫಿಶ್ ಬೆಳಸ್ತಾರ. ಇದನ್ನ ಓದಿದ ಮ್ಯಾಲೆ ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ಅನ್ನ ಉಣ್ಣೋ ನಾವು ಮಾಡ್ದೇ ಇದ್ರ ಹೆಂಗ ಅನ್ನಿಸ್ತು.

ಮಸಾಲಿ ವಿಷಯಕ್ಕ ಬರೋಣ. ಡಬ್ಬಿ ತೆಗದ ಕೂಡ್ಲೇ ಮೊದ್ಲು ಬಳ್ಳೊಳ್ಳಿ ಪುಡಿ ಘಮ, ಆಮ್ಯಾಲೆ ಮೆಣಸು, ಕಡೀಗೆ ಥೈಮ್, ಓರಿಗ್ಯಾನೋ ಅನ್ನೋ ಒಣಗಿಸಿದ ಸೊಪ್ಪಿನ ವಾಸನಿ ಬರತೈತಿ. ಬಣ್ಣ ಇಟ್ಟಂಗಿ ಕೆಂಪು, ಪ್ಯಾಪ್ರಿಕಾದ್ದು (ಖಾರ ಕಡಿಮಿ ಇರೋ ಕೆಂಪು ಮೆಣಸಿನಪುಡಿ), ನೋಡಾಕ ಖಾರ ಅನ್ನಿಸಿದ್ರೂ ನಮ್ಮ ನಾಲಿಗಿಗೆ ಏನೇನೂ ಅಲ್ಲ, ಖಾರ ಬೇಕಂದ್ರ ಗುಂಟೂರು ಮೆಣಸಿನಪುಡಿ ಅರ್ಧ ಚಮಚ ಬ್ಯಾರೆ ಹಾಕ್ಬೇಕು. ಒಂದು ಸ್ಟಾರ್ ಕಟ್ ಮಾಡಿದ್ದು ಉಪ್ಪಿಗೆ. ಲೇಬಲ್‌ನಾಗ ಮೊದಲ ಹೆಸರೇ ಉಪ್ಪು, ಅಂದ್ರ ತೂಕದಾಗ ಎಲ್ಲಕ್ಕಿಂತ ಜಾಸ್ತಿ ಇರೋದು ಅದೇ. ಸೀಗಡ್ಯಾಗೂ ಉಪ್ಪಿರತೈತಿ, ಅಂಗಡಿ ಉಪ್ಪಿನ ಬೆಣ್ಣ್ಯಾಗೂ ಇರತೈತಿ, ಅದಕ್ಕ ಹೂರಣಕ್ಕ ಬ್ಯಾರೆ ಉಪ್ಪು ಹಾಕಬ್ಯಾಡ್ರಿ. ಉಪ್ಪಿಲ್ಲದ ಡಬ್ಬೀನೂ ಆನ್‌ಲೈನ್‌ನಾಗ ಸಿಗತಾವ, ನಾನು ಇನ್ನ ಮ್ಯಾಲೆ ಅದನ್ನೇ ತರಸ್ತೀನಿ.

ಖರೇ ಹೇಳ್ಬೇಕಂದ್ರ ಇದರ ರುಚಿ ಮಸಾಲ್ಯಾಗ ಎಷ್ಟು ಐತಿ, ಅಕ್ಕ್ಯಾಗೂ ಅಷ್ಟೇ ಐತಿ. ಬಾಸುಮತಿ ಹಾಕಬ್ಯಾಡ್ರಿ, ಉದುರುದುರಾಗಿ ಉಂಡಿ ಎಣ್ಯಾಗ ಬಿಚ್ಚಿಕೊಂಡ್ ಹೋಗತೈತಿ. ನಮ್ಮ ಸೋನಾ ಮಸೂರಿ ಬೇಕು, ಅದೂ ಹೊಸಾ ಅಕ್ಕಿ. ಹೊಸಾ ಅಕ್ಕಿ ಅನ್ನ ಮುದ್ದಿ ಆಗತೈತಿ ಅಂತ ಎಲ್ರೂ ಹಳೇದು ಹುಡುಕ್ತಾರಲ್ಲ, ಈ ಉಂಡಿಗೆ ಆ ಅಂಟೇ ಬೇಕಾಗಿರೋದು, ಬ್ಯಾರೆ ಹಿಟ್ಟು ಕಲಸೋ ಕೆಲಸಾನೇ ಇಲ್ಲ.

ಸೀಗಡಿ ಇಲ್ಲಿ ಫ್ರೋಜನ್ನೇ ಗತಿ. ಪ್ಯಾಕೆಟ್ ಮ್ಯಾಲೆ ನೆಟ್ ವೇಟ್ ನೋಡೇ ತಗೋರಿ, ಸೀಗಡಿ ಮ್ಯಾಲೆ ಬರ್ಫಿನ ಪದರ ಇರತೈತಿ, ನಾನು ಒಂದು ಅಂಗಡ್ಯಾಗ ತಂದ ಪ್ಯಾಕೆಟ್ ಕರಗಿದ ಮ್ಯಾಲೆ ಬಟ್ಟಲ ತುಂಬ ನೀರು, ಮೂಲ್ಯಾಗ ಒಂದೀಟು ಸೀಗಡಿ. ರಾತ್ರಿನೇ ಫ್ರಿಜ್‌ನಾಗ ಕೆಳಗ ಇಟ್ಟು ಕರಗಿಸಿ ಬಟ್ಟ್ಯಾಗ ಒತ್ತಿ ಒರಸ್ರಿ. ಸೀಗಡಿ ಸಾಲದಿದ್ರ ಅರ್ಧ ಕೊರಮೀನು ಹಾಕಿದ್ರೂ ಛಲೋ ಆಗತೈತಿ, ಮುಳ್ಳು ಕಡಿಮಿ. ಕಾಟ್ಲಾ, ರೋಹು ಮುಳ್ಳು ತೆಗ್ಯೋದ್ರಾಗೇ ಹೊತ್ತು ಹೋಗತೈತಿ, ಬ್ಯಾಡ.

300 ಗ್ರಾಂ ಸೀಗಡಿಗೆ 2 ಕಪ್ ಅನ್ನ. ಬೆಣ್ಣ್ಯಾಗ ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ಸೆಲರಿ (ದಪ್ಪ ದಂಟಿನ ಘಮದ ಸೊಪ್ಪು) ಬಾಡಸ್ಬೇಕು, ಕೇಜನ್ ಅಡಗಿಗೆ ಈ ಮೂರೇ ತಳಪಾಯ. ಸೆಲರಿ ಇಲ್ಲಿ ಸಿಗೋದು ಕಷ್ಟ, ನಾನು ಕೊತ್ತಂಬರಿ ದಂಟು, ಎರಡು ದೊಡ್ಡಪತ್ರಿ ಎಲಿ ಸಣ್ಣಗೆ ಹೆಚ್ಚಿ ಹಾಕ್ದೆ, ದೊಡ್ಡಪತ್ರಿ ಓರಿಗ್ಯಾನೋ ವಾಸನಿಗೆ ಭಾಳ ಹತ್ರ ಐತಿ. ಡಬ್ಬಿ ಖಾಲಿ ಆದ್ರೂ ಚಿಂತಿ ಇಲ್ಲ, ಬ್ಯಾಡಗಿ ಪುಡಿ, ಮೆಣಸು, ಬಳ್ಳೊಳ್ಳಿ ಪುಡಿ, ಸ್ವಲ್ಪ ಅಜವಾನ ಕುಟ್ಟಿ ಹಾಕಿದ್ರ ಹತ್ರಹತ್ರ ಬರತೈತಿ, ಥೈಮ್‌ನಾಗೂ ಅಜವಾನದಾಗೂ ವಾಸನಿ ಕೊಡೋದು ಥೈಮಾಲ್ ಅನ್ನೋ ಅದೇ ಅಂಶ. ಆದ್ರ ಅಜವಾನ ಚಿಟಿಕಿ ಮೀರಬಾರ್ದು, ಬಜ್ಜಿ ವಾಸನಿ ಬಂದ್ಬಿಡತೈತಿ.

ಬಾಡಿಸಿದ್ದಕ್ಕ ಒಂದೂವರಿ ಚಮಚ ಮಸಾಲಿ, ದಪ್ಪಗ ಹೆಚ್ಚಿದ ಸೀಗಡಿ ಹಾಕಿ ಎರಡು ನಿಮಿಷ, ಬಣ್ಣ ತಿರುಗಿದ ಕೂಡ್ಲೇ ಇಳಿಸ್ರಿ, ಹೆಚ್ಚಾದ್ರ ರಬ್ಬರ್ ಆಗತೈತಿ. ಬಿಸಿ ಅನ್ನದ ಜೋಡಿ ಕೈಯಿಂದ ಹಿಚುಕಿ ಕಲಸಿ ಫ್ರಿಜ್‌ನಾಗ 1 ತಾಸು ಇಡ್ರಿ. ಆಮ್ಯಾಲೆ ನಿಂಬಿಹಣ್ಣಿನ ಗಾತ್ರದ ಉಂಡಿ, ಮೈದಾ, ತತ್ತಿ, ಬ್ರೆಡ್ ಪುಡಿ. ಬೇಕರಿ ಸಿಹಿ ಟೋಸ್ಟ್ ಪುಡಿ ಮಾತ್ರ ಬ್ಯಾಡ, ಸಕ್ರಿ ಇರೋದ್ರಿಂದ ಒಳಗ ಬಿಸಿ ಆಗೋದ್ರಾಗ ಹೊರಗ ಕಪ್ಪಾಗತೈತಿ. ಎಣ್ಣಿ 175–180 ಡಿಗ್ರಿ, ಥರ್ಮಾಮೀಟರ್ ಇಲ್ಲಂದ್ರ ಬ್ರೆಡ್ ಚೂರು ಹಾಕಿ ನೋಡ್ರಿ, ಕೂಡ್ಲೇ ಗುಳ್ಳಿ ಎದ್ದು ಮ್ಯಾಲೆ ಬರಬೇಕು. ಒಳಗಿಂದೆಲ್ಲಾ ಬೆಂದಿರೋದೇ, ಬಣ್ಣ ಬಂದ್ರ ಸಾಕು, ಮೂರು ನಾಲ್ಕು ನಿಮಿಷ.

ಮುರದ್ರ ಹೊರಗಿನ ಚಿಪ್ಪು ಕಟ್ ಅಂತೈತಿ, ಒಳಗ ಅನ್ನ ಮೆತ್ತಗ, ನಡುನಡುವ ಸೀಗಡಿ ಚೂರು ಹಲ್ಲಿಗೆ ಸಿಗತೈತಿ, ಮಸಾಲಿ ವಾಸನಿ ಆವಾಗ ಪೂರ್ತಿ ಬಿಚ್ಚಿಕೊಳ್ಳತೈತಿ ನೋಡ್ರಿ, ಅದಕ್ಕೇ ನಾಲ್ಕು ಸ್ಟಾರ್. ನಮ್ಮವ್ವ ಅನ್ನ ಕರದು ತಿನ್ನೋದೇನು ಅಂದಾಕಿ, ತಿಂದ ಮ್ಯಾಲೆ ನಾಳಿಗೂ ಮಾಡವಾ ಅಂದ್ಲು. ಜೋಡಿಗೆ ಮಯೋನೀಸ್‌ನಾಗ ಸ್ವಲ್ಪ ಸಾಸಿವಿ ಸಾಸ್, ನಿಂಬಿರಸ, ಇದೇ ಮಸಾಲಿ ಚಿಟಿಕಿ ಕಲಸ್ರಿ, ಕೆಚಪ್ ಹಾಕಿದ್ರ ಸಿಹಿ ಮುಂದ ಬಂದು ಸೀಗಡಿ ರುಚಿ ಸಾಯತೈತಿ.

ಇನ್ನೊಂದು, ಡಬ್ಬಿ ಮುಚ್ಚಳದಾಗ ತೂತು ಅದಾವ ಅಂತ ಕುದಿಯೋ ಬಾಣಲಿ ಮ್ಯಾಲೇ ಅಲುಗಾಡಿಸಬ್ಯಾಡ್ರಿ, ಉಗಿ ಒಳಗ ಹೋಗಿ ಪುಡಿ ಗಂಟು ಕಟ್ಟತೈತಿ. ಚಮಚದಾಗ ತಗೊಂಡು ಹಾಕ್ರಿ.