ಪೊಟ್ಯಾಷ್ ಚೀಲದಿಂದ ಕೋಲಿನ್ ಡ್ರಮ್ಮಿಗೆ: ಎಣ್ಣೆಬಾವಿಯಲ್ಲಿ ಬಳಸಿ ನೋಡಿದ್ದು

ಎಣ್ಣೆಬಾವಿಗೆ ಇಳಿಸುವ ನೀರಿಗೆ ಏನು ಬೆರೆಸಬೇಕು ಅನ್ನೋದೇ ನನ್ನ ಹೊಟ್ಟೆಪಾಡು. ಗುಜರಾತಿನ ಮೆಹ್ಸಾಣಾ, ಕಲೋಲ್ ಕಡೆ ಮಡ್ ಇಂಜಿನಿಯರ್ ಆಗಿದ್ದೇನೆ; ಬಾವಿ ಕೊರೆಯುವಾಗ ಒಳಗೆ ಹರಿಸುವ ಕೆಸರಿನಂಥ ದ್ರವಕ್ಕೆ ಮಡ್ ಅಂತಾರೆ. ವರ್ಷಗಟ್ಟಲೆ ಕೆಸಿಎಲ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್ ಬಳಸಿ, ಆಮೇಲೆ ಕೋಲಿನ್ ಕ್ಲೋರೈಡ್ ದ್ರಾವಣಕ್ಕೆ ಬಂದವರು ನಾವು. ಹೊಸದಾಗಿ ಬಾವಿ ಕೊರೆಯುವ ರಿಗ್‌ಗೆ ಬರುವ ನಮ್ಮ ಕಡೆಯ ಹುಡುಗರು "ಸರ್, ಯಾವುದು ಒಳ್ಳೇದು?" ಅಂತ ಕೇಳ್ತಾನೇ ಇರ್ತಾರೆ. ಅವರಿಗಾಗಿ ಇದು.

ಮೊದಲು ಇದೆಲ್ಲ ಯಾಕೆ ಬೇಕು ಅನ್ನೋದು. ನವಲಗುಂದದ ಎರೆಹೊಲ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ನಾಲ್ಕು ಮಳೆ ಬಿದ್ದರೆ ಉಬ್ಬಿ ಎಲ್ಲಾ ಮುಚ್ಚಿಕೊಳ್ಳುತ್ತೆ. ಆ ಮಣ್ಣಿನಲ್ಲಿರುವ ಸ್ಮೆಕ್ಟೈಟ್ ಅನ್ನುವ ಜೇಡಿ ಖನಿಜದ ಕೆಲಸ ಅದು. ಎಣ್ಣೆ ಇರುವ ಮರಳುಗಲ್ಲಿನ ಸಂದುಗಳಲ್ಲೂ ಇಂಥ ಜೇಡಿ ಕೂತಿರುತ್ತೆ. ಬರೀ ಸಿಹಿನೀರು ಬಿಟ್ಟರೆ ಅಲ್ಲೇ ಉಬ್ಬಿ ಸಂದು ಮುಚ್ಚುತ್ತೆ, ಎಣ್ಣೆ ಒಳಗೇ ಉಳಿಯುತ್ತೆ. ಅಂದಹಾಗೆ, ಇಲ್ಲಿನ ಎಣ್ಣೆ ಸಿಗುವ ಕ್ಯಾಂಬೆ ಬೇಸಿನ್ನಿನ ತಳದಲ್ಲಿರುವುದೂ ಡೆಕ್ಕನ್ ಟ್ರ್ಯಾಪಿನ (ಹಳೇ ಲಾವಾರಸದ) ಕರಿಕಲ್ಲೇ. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣು ಬಹುಪಾಲು ಹುಟ್ಟಿದ್ದೂ ಅದರಿಂದಲೇ. ಊರು ಬಿಟ್ಟು ಬಂದರೂ ಎರೆ ಬಿಡಲಿಲ್ಲ.

ಇನ್ನೊಂದು ಜಾತಿ ಕೆಯೊಲಿನೈಟ್. ಅದು ಉಬ್ಬಲ್ಲ. ಆದರೆ ಉಪ್ಪುನೀರಿನ ಹಿಂದೆಯೇ ಸಿಹಿನೀರು ಬಂದರೆ ಗೋಡೆಯಿಂದ ಕಿತ್ತುಕೊಂಡು ಹೋಗಿ ಮುಂದಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತೆ. ಫಲ ಒಂದೇ.

ಕೆಸಿಎಲ್ ಇದಕ್ಕೆ ಹಳೇ ಮದ್ದು. ಪೊಟ್ಯಾಸಿಯಂ ಅಯಾನಿನ ಗಾತ್ರ ಜೇಡಿಯ ಪದರದ ಗುಳಿಗೆ ಸರಿಯಾಗಿ ಹೊಂದುತ್ತೆ. ಅಲ್ಲಿ ಕೂತು ಪದರಗಳನ್ನು ಹಿಡಿದಿಡುತ್ತೆ, ಸೋಡಿಯಂ ಹಾಗೆ ನೀರನ್ನು ಕಟ್ಟಿಕೊಂಡು ಬರಲ್ಲ. ಕೆಲಸದ ಬಗ್ಗೆ ಎರಡು ಮಾತಿಲ್ಲ. ತೊಂದರೆ ಇರೋದು ಹೊರೆಯಲ್ಲಿ. ಒಂದು ಫ್ರಾಕ್ ಕೆಲಸಕ್ಕೆ (ಒತ್ತಡದ ನೀರಿನಿಂದ ಕಲ್ಲು ಸೀಳಿ ಎಣ್ಣೆಗೆ ದಾರಿ ಮಾಡೋದು) 300 ಘನ ಮೀಟರ್ ನೀರು ಅಂತಿಟ್ಟುಕೊಳ್ಳಿ. 2% ಲೆಕ್ಕದಲ್ಲಿ 6 ಟನ್ ಕೆಸಿಎಲ್ ಬೇಕು, 50 ಕೆಜಿಯ 120 ಚೀಲ. ಅಷ್ಟನ್ನೂ ಹಾಪರ್ ಮುಂದೆ ನಿಂತು ಕತ್ತರಿಸಿ ಸುರಿಯಬೇಕು. ಮಳೆಗಾಲದಲ್ಲಿ ಚೀಲದೊಳಗೇ ಗಟ್ಟಿಯಾಗಿ, ಸುತ್ತಿಗೆ ಇಲ್ಲದೆ ಒಡೆಯಲ್ಲ. ಅದು ಕರಗುವಾಗ ನೀರಿನ ಬಿಸಿಯನ್ನೇ ಎಳೆದುಕೊಳ್ಳುತ್ತೆ. ಮೇ ತಿಂಗಳ ಬಿಸಿಲಲ್ಲೂ ಮಿಕ್ಸಿಂಗ್ ಟ್ಯಾಂಕ್ ಮುಟ್ಟಿದರೆ ತಣ್ಣಗಿರುತ್ತೆ. ಹುಡುಗರಿಗೆ ಕೆಸಿಎಲ್‌ನಿಂದ ಸಿಗುವ ಒಂದೇ ಸುಖ ಅದು.

ಇದೇ ಉಪ್ಪು ನಮ್ಮ ರೈತರ ಎಂಒಪಿ, ಪೊಟ್ಯಾಷ್ ಗೊಬ್ಬರ. ಹೆಚ್ಚೂಕಮ್ಮಿ ಪೂರ್ತಿ ಹೊರದೇಶದಿಂದಲೇ ಬರುತ್ತೆ. 2022ರಲ್ಲಿ ಗೊಬ್ಬರದ ಚೀಲವೇ 1,700 ರೂಪಾಯಿ ಮುಟ್ಟಿತ್ತು, ನೆನಪಿದೆ ಅಲ್ವಾ? ನಮ್ಮಲ್ಲೂ ಬೇರೆ ದಾರಿ ನೋಡೋಣ ಅನ್ನೋ ಮಾತು ಜೋರಾಗಿದ್ದು ಆಗಲೇ. ಕೆಂಪು ಪೊಟ್ಯಾಷ್ ಹಾಕಿ ಸುಧಾರಿಸೋಣ ಅನ್ನುವವರಿಗೆ ಒಂದು ಮಾತು: ಆ ಕೆಂಪು ಕಬ್ಬಿಣದ ಆಕ್ಸೈಡ್, ಕರಗಲ್ಲ. ಬಾವಿಗೆ ಇಳಿದರೆ ಅದೇ ಸಂದು ಕಟ್ಟುತ್ತೆ.

ಜೇಡಿಯನ್ನು ಹಿಡಿದಿಡುವ ಅದೇ ಕೆಲಸಕ್ಕೆ ಕೋಲಿನ್ ಕ್ಲೋರೈಡ್. ಅದು ಬರೋದು 200 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಸಾಮಾನ್ಯವಾಗಿ 70 ಅಥವಾ 75% ದ್ರಾವಣ. ಸಾವಿರ ಲೀಟರ್ ನೀರಿಗೆ 1ರಿಂದ 2 ಲೀಟರ್ ಸಾಕು. ಮೇಲಿನ ಅದೇ ಕೆಲಸಕ್ಕೆ ಹೆಚ್ಚೆಂದರೆ ಮೂರು ಡ್ರಮ್. ಪಂಪ್ ಹಚ್ಚಿದರೆ ಆಯ್ತು. 120 ಚೀಲ ಹೊತ್ತವರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಕ್ಲೋರೈಡ್ ಲೆಕ್ಕ. 2% ಕೆಸಿಎಲ್ ನೀರಿನಲ್ಲಿ ಲೀಟರಿಗೆ 9,500 ಮಿಲಿಗ್ರಾಂ ಹತ್ತಿರ ಕ್ಲೋರೈಡ್ ಇರುತ್ತೆ. ಕೋಲಿನ್ ಹಾಕಿದ ನೀರಿನಲ್ಲಿ ಅದರ ಪಾಲು 400 ಸುತ್ತಮುತ್ತ. ಬಾವಿಯಿಂದ ವಾಪಸ್ ಬಂದ ನೀರು ಪಿಟ್‌ಗೆ ಹೋಗುತ್ತೆ, ಪಿಟ್ ಪಕ್ಕದಲ್ಲೇ ಜೀರಿಗೆ, ಸಾಸಿವೆ ಹೊಲ. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಎಲ್ಲೋ ಹರಿದಿದ್ದರೆ ಉಪ್ಪುನೀರು ಹೋಗೋದು ಆ ಹೊಲಕ್ಕೆ. ಕೋಲಿನ್ನೋ, ಕೋಳಿ ಮೇವಿಗೂ ಹಾಕುವ ವಸ್ತು, ಮಣ್ಣಿನಲ್ಲಿ ಕೊಳೆತು ಹೋಗುತ್ತೆ. ಹಾಗಂತ ಕೋಳಿ ಮೇವಿನ ಪುಡಿ ಅಗ್ಗ ಅಂತ ತಂದು ಸುರಿಯಬೇಡಿ! ಅದು ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆಯ ದಿಂಡಿನ ಪುಡಿಗೆ ಹೀರಿಸಿದ ಮಾಲು.

ಇನ್ನು ತಕರಾರುಗಳು. ಮೊದಲನೆಯದು ವಾಸನೆ. ಡ್ರಮ್ ತೆರೆದರೆ ಹಳೇ ಮೀನಿನ ನಾತ. ಟ್ರೈಮೀಥೈಲ್ ಅಮೈನ್ ಅದಕ್ಕೆ ಕಾರಣ. ಕಾಸ್ಟಿಕ್ ಸೋಡಾ ಜಾಸ್ತಿ ಇರುವ ಬಿಸಿ ನೀರಿಗೆ ಬೆರೆಸಿದರೆ ಇನ್ನೂ ಹೆಚ್ಚುತ್ತೆ. ಬಟ್ಟೆಗೆ ಹತ್ತಿದರೆ ಊಟದ ಪಂಕ್ತಿಯಲ್ಲಿ ಪಕ್ಕ ಯಾರೂ ಕೂರಲ್ಲ.

ಎರಡನೆಯದು ಮೋಸ. ಒಬ್ಬ ಸರಬರಾಜುದಾರ 75% ಅಂತ ಚೀಟಿ ಅಂಟಿಸಿ ಕಳಿಸಿದ ಮಾಲು ನಮ್ಮ ಲ್ಯಾಬಿನಲ್ಲಿ 50ರ ಆಸುಪಾಸು ಬಂತು. ಹಿಡಿಯೋದು ಕಷ್ಟ ಅಲ್ಲ. ಮಡ್ ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಇದ್ದೇ ಇರುತ್ತೆ. ಡ್ರಮ್ಮಿನ ಮಾಲನ್ನು ಚೆನ್ನಾಗಿ ತೆಳು ಮಾಡಿ, ಪೊಟ್ಯಾಸಿಯಂ ಕ್ರೋಮೇಟ್ ಎರಡು ಹನಿ ಹಾಕಿ, ಹಳದಿ ಹೋಗಿ ಇಟ್ಟಿಗೆ ಬಣ್ಣ ತಿರುಗುವ ತನಕ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟು ಟೈಟ್ರೇಟ್ ಮಾಡಿ; ಅದು ಎಷ್ಟು ಖರ್ಚಾಯ್ತೋ ಅದರಿಂದ ಕ್ಲೋರೈಡ್ ಎಷ್ಟಿದೆ ಅಂತ ಸಿಗುತ್ತೆ. ಕೋಲಿನ್ ಕ್ಲೋರೈಡಿನ ತೂಕದಲ್ಲಿ ಕಾಲು ಭಾಗ ಕ್ಲೋರೈಡ್, ಸರಿಯಾಗಿ 25.4%. ಹಾಗಾಗಿ 75% ಮಾಲಿನಲ್ಲಿ 19% ಹತ್ತಿರ ಸಿಗಬೇಕು. 13 ಬಂದರೆ ನೀರು ಬೆರೆಸಿದ್ದಾರೆ ಅಂತಲೇ. ಅಡುಗೆ ಉಪ್ಪು ಸೇರಿಸಿದ್ದರೆ ಮಾತ್ರ ಈ ಪರೀಕ್ಷೆ ಕೈಕೊಡುತ್ತೆ. ಅದಕ್ಕೇ ಜೊತೆಗೆ ನಿಮ್ಮದೇ ಬಾವಿಯ ಕಟಿಂಗ್ಸ್ (ಕೊರೆದಾಗ ಮೇಲೆ ಬರುವ ಕಲ್ಲಿನ ಚೂರು) ಪುಡಿ ಮಾಡಿ, ಬಿಲ್ಲೆ ಒತ್ತಿ, ಸ್ವೆಲ್ ಮೀಟರಿನಲ್ಲಿ ಇಡಿ. ಸಿಹಿನೀರು, ಕೆಸಿಎಲ್, ಕೋಲಿನ್, ಮೂರರಲ್ಲೂ ಎಷ್ಟು ಉಬ್ಬಿತು ನೋಡಿ. ಕಂಪನಿಯವರು ತೋರಿಸುವ ಗ್ರಾಫು ಬೆಂಟೊನೈಟ್ ಅನ್ನುವ ಜೇಡಿಯ ಮೇಲೆ ಮಾಡಿದ್ದಾಗಿರಬಹುದು, ನಿಮ್ಮ ಕಲ್ಲಿನ ಮೇಲಲ್ಲ.

ಮೂರನೆಯದು ದೊಡ್ಡದು. ಕೊರೆಯುವಾಗ ಇದೊಂದನ್ನೇ ನಂಬಿಕೊಳ್ಳಕ್ಕಾಗಲ್ಲ. ವರ್ಕ್‌ಓವರ್ (ಹಳೇ ಬಾವಿಯ ರಿಪೇರಿ), ಫ್ರಾಕ್, ಪರ್ಫೊರೇಷನ್ (ಬಾವಿಯ ಕೊಳವೆಗೆ ತೂತು ಹೊಡೆಯೋದು) ಆದಮೇಲಿನ ನೀರು, ಇವಕ್ಕೆಲ್ಲ ಸರಿ. ದಪ್ಪ ಶೇಲ್ (ಜೇಡಿ ತುಂಬಿದ ಪದರಗಲ್ಲು) ಕೊರೆಯುವಾಗ ದಿನಗಟ್ಟಲೆ ಮಡ್ ಕಲ್ಲಿಗೆ ತಾಗಿಕೊಂಡಿರುತ್ತೆ, ಕ್ಷಣಕ್ಷಣಕ್ಕೂ ಹೊಸ ಜೇಡಿ ಸೇರುತ್ತೆ. ಅಲ್ಲಿ ಈ ಸಣ್ಣ ಪ್ರಮಾಣ ಬೇಗ ಖರ್ಚಾಗುತ್ತೆ. ಶೇಕರ್ (ಮಡ್ ಸೋಸುವ ಅಲುಗುವ ಜರಡಿ) ಮೇಲೆ ಬರುವ ಕಟಿಂಗ್ಸ್ ನೋಡಿದರೇ ಗೊತ್ತಾಗುತ್ತೆ: ಅಂಚು ಚೂಪಾಗಿದ್ದರೆ ಸರಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಅಂಟಿದರೆ ಸಾಲುತ್ತಿಲ್ಲ. ಅಲ್ಲಿ ಈಗಲೂ ನನ್ನ ಆಯ್ಕೆ ಕೆಸಿಎಲ್ ಜೊತೆ ಪಿಎಚ್‌ಪಿಎ, ಅಂದರೆ ಜೇಡಿಯನ್ನು ಸುತ್ತಿ ಹಿಡಿಯುವ ಪಾಲಿಮರ್. ಬಾವಿಯೊಳಗೆ ಉಪಕರಣ ಇಳಿಸಿ ಕಲ್ಲಿನ ಪದರ ಅಳೆಯುವ ಲಾಗಿಂಗ್‌ನವರಿಗೆ ಮೊದಲೇ ಹೇಳಿಬಿಡಿ, ಪೊಟ್ಯಾಸಿಯಂನಲ್ಲಿ ಸಹಜವಾಗಿಯೇ ಇರುವ ವಿಕಿರಣದಿಂದ ಗಾಮಾ ರೇ ರೀಡಿಂಗ್ ಏರಿ ಕೂರುತ್ತೆ. ಕೋಲಿನ್‌ಗೆ ಆ ರಗಳೆ ಇಲ್ಲ.

ಎರಡರ ಪರಿಣಾಮವೂ ಶಾಶ್ವತ ಅಲ್ಲ. ಹಿಂದೆ ಸಿಹಿನೀರು ಹೋದರೆ ಜೇಡಿ ಮತ್ತೆ ಹಳೇ ಚಾಳಿಗೆ ಬರುತ್ತೆ. ಮರಳುಗಲ್ಲಿಗೆ ಮಡ್ ಆಸಿಡ್ (ಹೈಡ್ರೋಫ್ಲೋರಿಕ್ ಸೇರಿದ ಆಸಿಡ್) ಹಾಕುವ ಮುಂಚೆ ಕೆಸಿಎಲ್ ನೀರು ಬಿಡಲೇಬೇಡಿ. ಹೈಡ್ರೋಫ್ಲೋರಿಕ್ ಆಸಿಡ್ ಕಲ್ಲನ್ನು ಕರಗಿಸಿದ್ದು ಪೊಟ್ಯಾಸಿಯಂ ಜೊತೆ ಸೇರಿ, ಕರಗದ ಪುಡಿಯಾಗಿ ಅಲ್ಲೇ ಕೂರುತ್ತೆ. ಅಲ್ಲಿಗೆ ಅಮೋನಿಯಂ ಕ್ಲೋರೈಡೇ ಸರಿ.

ವರ್ಕ್‌ಓವರ್ ಮತ್ತು ಫ್ರಾಕ್‌ಗೆ ಕೋಲಿನ್‌ಗೆ ಐದಕ್ಕೆ ನಾಲ್ಕು ಕೊಡ್ತೀನಿ, ಕೊರೆಯೋದಕ್ಕೆ ಎರಡು. ಡ್ರಮ್ಮಿನ ಬೆಲೆ ಹೋಲಿಸಬೇಡಿ, ಒಳಗಿರುವ ಕೋಲಿನ್ನಿನ ಕೆಜಿ ಲೆಕ್ಕದಲ್ಲಿ ಹೋಲಿಸಿ. ಟೈಟ್ರೇಷನ್ ಆಗೋವರೆಗೂ ಲಾರಿಯಿಂದ ಇಳಿಸಿಕೊಳ್ಳಬೇಡಿ.