ಶಿವಾಜಿನಗರದ ಮೆಡಲ್ ಮೌಂಟಿಂಗ್ ಅಂಗಡಿ: ಇಲ್ಲಿ ಎಲ್ಲಾ ಮೆಡಲ್‌ಗೂ ಒಂದೇ ಮರ್ಯಾದೆ

ಮೆಡಲ್ ಮೌಂಟಿಂಗ್, ಅಂದ್ರೆ ಮೆಡಲ್‌ಗಳನ್ನ ರಿಬ್ಬನ್ ಸಮೇತ ಎದೆಗೆ ಹಾಕೋ ಹಂಗೆ ಸಾಲಾಗಿ ಜೋಡಿಸೋದು, ಎಲ್ಲಿ ಮಾಡಿಸ್ಬೇಕು ಅಂತ ಸೇನೆಯಿಂದ ಪೆನ್ಷನ್ ಬಂದಿರೋ ನಮ್ಮ ಹುಡುಗ್ರು ಆಗಾಗ ಕೇಳ್ತಿರ್ತಾರೆ, ಅವರಿಗೋಸ್ಕರ ಈ ರಿವ್ಯೂ. ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿ, ಸಣ್ಣ ಅಂಗಡಿ, ಹೊರಗಡೆ ಬೆಲ್ಟು ಬ್ಯಾರೆಟ್ಟು ಲ್ಯಾನ್ಯಾರ್ಡು ನೇತಾಕಿರ್ತಾರೆ, ಒಳಗೆ ಇಬ್ರು ನಿಂತ್ರೆ ಮೂರನೆಯವನಿಗೆ ಜಾಗ ಇಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟಿದೀನಿ. ಅರ್ಧ ಯಾಕೆ ಕಟ್ ಮಾಡಿದೆ ಅನ್ನೋದು ಕೆಳಗಿದೆ.

ನಾನು ಸೇನೆಯ ಎಂಇಜಿ, ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವನು, 1995ರಲ್ಲಿ ಭರ್ತಿ, ಸುಬೇದಾರ್ ಆಗಿ ಪೆನ್ಷನ್ ಬಂದೆ. ಜುಲೈ 26ಕ್ಕೆ ಕಾರ್ಗಿಲ್ ವಿಜಯ್ ದಿವಸ್, ಆವತ್ತು ನ್ಯಾಷನಲ್ ಮಿಲಿಟರಿ ಮೆಮೋರಿಯಲ್‌ಗೆ ಬ್ಲೇಜರ್ ಹಾಕ್ಕೊಂಡು ಹೋಗ್ಬೇಕಿತ್ತು. ಸರ್ವೀಸಲ್ಲಿದ್ದಾಗ ಮಾಡಿಸಿದ್ದ ಸೆಟ್ಟು ಹಾಳಾಗೋಗಿತ್ತು, ರಿಬ್ಬನ್ ಬಣ್ಣ ಹೋಗಿ, ಮೆಡಲ್ಲು ಒಂದಕ್ಕೊಂದು ಬಡಿದು ಅಂಚೆಲ್ಲಾ ಗೀರು. ನನ್ನ ಸೆಟ್ ಜೊತೆಗೆ ಅರಸೀಕೆರೆ ಕಡೆಯ ನನ್ನ ದೋಸ್ತ್‌ದೂ ತಗೊಂಡು ಹೋದೆ, ಒಂದೇ ಬ್ಯಾಚು ನಾವಿಬ್ರೂ, ಅವನಿಗೆ ಬೆಂಗಳೂರಿಗೆ ಓಡಾಡೋದು ಕಷ್ಟ.

ಮಾಸ್ಟರ್‌ಗೆ ವಯಸ್ಸಾಗಿದೆ, ಆದ್ರೆ ಕಣ್ಣು ಚುರುಕು. ನಾನು ಟೇಬಲ್ ಮೇಲೆ ಎಲ್ಲಾ ಸುರಿದ ತಕ್ಷಣ ಪುಸ್ತಕ ನೋಡ್ದೆ ಚಾರ್ಟ್ ನೋಡ್ದೆ ಸೀನಿಯಾರಿಟಿ ಪ್ರಕಾರ ಸಾಲಾಗಿ ಜೋಡಿಸಿಬಿಟ್ರು, ಆಪರೇಷನ್ ವಿಜಯ್ (ಕಾರ್ಗಿಲ್‌ದು), ಆಪರೇಷನ್ ಪರಾಕ್ರಮ್, ಸೈನ್ಯ ಸೇವಾ, ಹೈ ಆಲ್ಟಿಟ್ಯೂಡ್, ಆಮೇಲೆ ಸ್ವಾತಂತ್ರ್ಯದ 75ನೇ ವರ್ಷದ್ದು, 50ನೇ ವರ್ಷದ್ದು, ಆಮೇಲೆ 20 ವರ್ಷದ ಲಾಂಗ್ ಸರ್ವೀಸು, ಕಟ್ಟಕಡೆಗೆ 9 ವರ್ಷದ್ದು. ಯೂನಿಟ್ ಕ್ಲರ್ಕ್‌ಗಳೇ ತಪ್ಪು ಮಾಡೋ ಜಾಗ ಇದು. ಕೋರ್ಟ್ ಮೌಂಟ್ ಮಾಡ್ಸಿ ಸಾಬ್, ನೇತಾಡೋದು ಬೇಡ ಅಂದ್ರು. ಅಂದ್ರೆ ಹಿಂದುಗಡೆ ಗಟ್ಟಿ ಬೋರ್ಡ್ ಕೊಟ್ಟು, ರಿಬ್ಬನ್ನ ಮೆಡಲ್ ತಳದವರೆಗೂ ಇಳಿಸಿ, ಅದರ ಮೇಲೆ ಮೆಡಲ್ನ ದಾರದಲ್ಲಿ ಹೊಲಿದು ಕೂರಿಸ್ತಾರೆ, ನಡೆದ್ರೂ ಅಲ್ಲಾಡಲ್ಲ, ಬಡಿಯಲ್ಲ. ಹೊಲಿಗೆ ಮುಂದುಗಡೆಯಿಂದ ಒಂದೂ ಕಾಣ್ಸಲ್ಲ, ನಾನು ಕನ್ನಡಕ ಹಾಕ್ಕೊಂಡು ಹುಡುಕಿದೀನಿ.

ಇನ್ನೊಂದು ವಿಷಯ ಅವರೇ ಹೇಳಿದ್ದು. ಒರಿಜಿನಲ್ ಮೆಡಲ್ ಯಾವ್ದು, ಬಜಾರಲ್ಲಿ ಸಿಗೋ ಟೈಲರ್ ಕಾಪಿ ಯಾವ್ದು ಅಂತ ಅಂಚು ತಿರುಗಿಸಿ ನೋಡಿದ್ರೆ ಗೊತ್ತಾಗುತ್ತೆ, ಒರಿಜಿನಲ್‌ಗೆ ಅಂಚಲ್ಲಿ ನಂಬರ್, ರ್‍ಯಾಂಕ್, ಹೆಸರು ಇರುತ್ತೆ, ಕಾಪಿಲಿ ಖಾಲಿ. ನಂದ್ರಲ್ಲಿ ಅರ್ಧಕ್ಕರ್ಧ ಖಾಲಿನೇ. ಯಾಕಂದ್ರೆ ಸರ್ಕಾರದ್ದು ಬರೋದ್ರೊಳಗೆ ವರ್ಷಗಟ್ಟಲೆ ಆಗುತ್ತೆ, ಪರೇಡ್‌ಗೆ ಮಾತ್ರ ನಾಳೇನೇ ಹಾಕ್ಕೊಂಡು ನಿಲ್ಬೇಕು, ಹಂಗಾಗಿ ಜವಾನ ಸ್ವಂತ ದುಡ್ಡಲ್ಲಿ ಮೆಡಲ್ ಕೊಂಡು ಎದೆಗೆ ಹಾಕ್ಕೋತಾನೆ. ದೇಶ ಕೊಟ್ಟಿರೋ ಪದಕನ ಅಂಗಡೀಲಿ ಕೊಂಡ್ಕೋಬೇಕು ಅನ್ನೋದು ನನಗೆ ಇವತ್ತಿಗೂ ಅವಮಾನ ಅನ್ಸುತ್ತೆ. ದೆಹಲೀಲಿ ಕೂತೋರು ಇದನ್ನ ಸಣ್ಣ ವಿಷಯ ಅನ್ಕೊಂಡಿರ್ಬೋದು, ಸಣ್ಣದಲ್ಲ.

ಈಗ ನನ್ನ ದೋಸ್ತ್ ಸೆಟ್ಟಿಗೆ ಬರ್ತೀನಿ. ಮಾಸ್ಟರ್ ಅದನ್ನ ಜೋಡಿಸ್ತಾ, ಇವರಿಗೆ ಗಾಯದ ಪದಕ, ಪರಾಕ್ರಮ್ ಪದಕ್ ಇಲ್ವಾ ಸಾಬ್ ಅಂತ ಕೇಳಿದ್ರು, ಅವನ ಕಾಲು ಹೋಗಿರೋ ವಿಷಯ ನಾನು ಅವರಿಗೆ ಆಗ್ಲೇ ಹೇಳಿದ್ದೆ. ಇಲ್ಲ ಮಾಸ್ಟರ್, ಇಲ್ಲ.

2001ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟ್ ಮೇಲೆ ದಾಳಿ ಆದ್ಮೇಲೆ ಆಪರೇಷನ್ ಪರಾಕ್ರಮ್ ಶುರುವಾಯ್ತು, ಇಡೀ ಸೇನೆ ಬಾರ್ಡರ್‌ಗೆ ಹೋಯ್ತು, ಸ್ಯಾಪರ್‌ಗಳು, ಅಂದ್ರೆ ನಾವು ಎಂಜಿನಿಯರ್ ಪಡೆಯೋರು, ರಾಜಸ್ಥಾನ ಪಂಜಾಬ್ ಉದ್ದಕ್ಕೂ ಮೈನ್, ಅಂದ್ರೆ ನೆಲಬಾಂಬ್ ಹಾಕಿದ್ವಿ. ಯುದ್ಧ ಆಗ್ಲಿಲ್ಲ, ಆದ್ರೆ ಹಾಕಿದ್ದನ್ನ ತೆಗೀಬೇಕಲ್ಲ. ಮರಳು ಗಾಳಿಗೆ ಸರಿಯುತ್ತೆ, ಅದರ ಜೊತೆ ಮೈನೂ ಸರಿಯುತ್ತೆ, ರೆಕಾರ್ಡ್ ಶೀಟಲ್ಲಿ ಇರೋದು ಒಂದು ಜಾಗ, ನೆಲದಲ್ಲಿ ಇರೋದು ಇನ್ನೊಂದು ಜಾಗ. ಹಾಕುವಾಗ್ಲೂ ತೆಗೆಯುವಾಗ್ಲೂ ಸತ್ತೋರು, ಕೈಕಾಲು ಕಳ್ಕೊಂಡೋರು ಬಹಳ ಜನ. ನಮ್ಮವನು ತನ್ನ ತಂಡ ಕರ್ಕೊಂಡು, ನೆಲ ಚುಚ್ಚಿ ಮೈನ್ ಹುಡುಕೋ ಪ್ರಾಡರ್ ಕಡ್ಡಿ ಹಿಡ್ಕೊಂಡು ಇಂಚಿಂಚು ಚುಚ್ಚುತ್ತಾ ಹೋಗ್ತಿದ್ದ, ಸರ್ ಈ ಪಟ್ಟೀಲಿ ರೆಕಾರ್ಡ್ ನಂಬಕ್ಕಾಗಲ್ಲ, ಟೈಮ್ ಬೇಕು ಅಂತ ಆಫೀಸರ್‌ಗೆ ಹೇಳ್ದ. ಡೇಟ್ ಕೊಟ್ಟಾಗಿದೆ, ಮೇಲಿನಿಂದ ಫೋನ್ ಬರ್ತಿದೆ, ಮುಗ್ಸು ಅಂತ ಉತ್ತರ ಬಂತು. ಅವತ್ತು ಮಧ್ಯಾಹ್ನ ಅವನ ಎಡಗಾಲು ಪಾದದ ಮೇಲಿಂದ ಹೋಯ್ತು.

ಪರಾಕ್ರಮ್ ಪದಕ್ ಅಂದ್ರೆ ಗಾಯದ ಪದಕ, ಶತ್ರುವಿನ ನೇರ ದಾಳಿಯಿಂದ ಗಾಯ ಆದ್ರೆ ಮಾತ್ರ ಅಂತ ರೂಲ್ ಇದೆ. ನಮ್ಮದೇ ಮೈನ್ ಆದ್ರಿಂದ ಅವನಿಗೆ ಸಿಗ್ಲಿಲ್ಲ. ಅವನಿಗೆ ಸಿಕ್ಕಿದ್ದು ಆಪರೇಷನ್ ಪರಾಕ್ರಮ್ ಮೆಡಲ್, ಆ ಆಪರೇಷನ್‌ಗೆ ಹೋಗಿದ್ದ ನಮಗೆಲ್ಲರಿಗೂ ಕೊಟ್ಟ ಅದೇ ಮೆಡಲ್ಲು. ಮುಂದಿನ ಲಿಸ್ಟಲ್ಲಿ ಕಮೆಂಡೇಶನ್, ಅಂದ್ರೆ ಪ್ರಶಂಸಾ ಪತ್ರ ಬಂದಿದ್ದು ಡೇಟ್‌ಗೆ ಸರಿಯಾಗಿ ಕೆಲ್ಸ ಮುಗಿಸಿದ ಸಾಹೇಬ್ರಿಗೆ. ಎನ್‌ಕ್ವೈರೀಲಿ ನನ್ನ ದೋಸ್ತ್ ಆದದ್ದನ್ನ ಆದಂಗೇ ಹೇಳಿದ, ಆತುರ ಮಾಡಿಸಿದ್ರು ಅಂತ. ಆಮೇಲೆ ಹವಾಲ್ದಾರ್ ಆದ, ಸ್ಟೋರ್ ಸಂಭಾಳಿಸ್ದ, ಒಂದು ಮೊಳೆ ಲೆಕ್ಕ ತಪ್ಪಿದ್ದಿಲ್ಲ, ಆದ್ರೂ ಅವನ ಎಸಿಆರ್‌ನಲ್ಲಿ, ಅಂದ್ರೆ ಮೇಲಿನೋರು ಬರೆಯೋ ವರ್ಷದ ರಿಪೋರ್ಟಲ್ಲಿ, ಹೈ ಆವರೇಜ್, ಹೈ ಆವರೇಜ್, ಹೈ ಆವರೇಜ್. ಹವಾಲ್ದಾರ್ ಮೇಲಿನ ರ್‍ಯಾಂಕ್ ನಾಯಬ್ ಸುಬೇದಾರ್ ಆಗೋಕೆ ಕೊನೆಯ 5 ಎಸಿಆರ್‌ನಲ್ಲಿ 3 ಆದ್ರೂ ಅದಕ್ಕಿಂತ ಮೇಲಿನ ಅಬೌವ್ ಆವರೇಜ್ ಇರ್ಬೇಕಿತ್ತು. ಹವಾಲ್ದಾರ್ ಆಗೇ ಮನೆಗೆ ಬಂದ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಅಂತ ಸಾಬೀತು ಮಾಡೋ ಕಾಗದ ನನ್ನ ಹತ್ರ ಇಲ್ಲ, ಆದ್ರೆ ಅವನ ಕೆಲ್ಸ ನಾನು ನೋಡಿದೀನಿ.

ನಮ್ಮಲ್ಲಿ ಮೆಡಲ್ಲು ಕೆಲ್ಸದ ಹಿಂದೆ ಹೋಗಲ್ಲ, ಬರೆಯೋನ ಹಿಂದೆ ಹೋಗುತ್ತೆ. ಸೈಟೇಶನ್, ಅಂದ್ರೆ ಇವನಿಗೆ ಯಾಕೆ ಮೆಡಲ್ ಕೊಡ್ಬೇಕು ಅನ್ನೋ ಶಿಫಾರಸು, ಬರೆಯೋಕೆ ಒಬ್ಬ ಇರ್ಬೇಕು, ಅದನ್ನ ಮೇಲಕ್ಕೆ ತಳ್ಳೋಕೆ ಒಬ್ಬ ಇರ್ಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆ ನೋಡಿ. 1965ರ ಸೆಪ್ಟೆಂಬರ್ 7, ಸರ್ಗೋಧಾ ಮೇಲೆ ದಾಳಿ, ಅವ್ರದ್ದು ಹಳೇ ಮಿಸ್ಟೇರ್ ವಿಮಾನ, ಎದುರಿಗಿದ್ದಿದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಅದನ್ನ ಹೊಡೆದು ಬೀಳಿಸಿ ಅವರೂ ಹೋದ್ರು. ಜೊತೆಗಿದ್ದೋರು ಯಾರೂ ನೋಡಿರ್ಲಿಲ್ಲ, ಇಲ್ಲಿ ಮಿಸ್ಸಿಂಗ್ ಅಂತ ಬರ್ಕೊಂಡು ಫೈಲ್ ಮುಚ್ಚಿದ್ರು. 1979ರಲ್ಲಿ ಒಬ್ಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಕೇಳಿ ಬರೆದಾಗ ತಾನೇ ಹೊರಗೆ ಬಂದಿದ್ದು. ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ, ಅದನ್ನ ತಗೊಂಡಿದ್ದು ಅವರ ಹೆಂಡ್ತಿ. 23 ವರ್ಷ! ಶತ್ರು ದೇಶದೋರು ಒಪ್ಕೊಂಡ್ಮೇಲೆ ನಮ್ಮೋರು ಒಪ್ಕೊಂಡ್ರು.

ಬರೆಯೋನು ಉಲ್ಟಾ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ ಕಾರ್ಗಿಲ್‌ನ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಕೇಸಿದೆ. ಬಟಾಲಿಕ್‌ನಲ್ಲಿ ಬ್ರಿಗೇಡ್ ಕಮಾಂಡ್ ಮಾಡಿದೋರು, ಅವರ ಕೆಲ್ಸನ ಮೇಲಿನ ಜನರಲ್ ರಿಪೋರ್ಟಲ್ಲಿ ಕಮ್ಮಿ ಮಾಡಿ ಬರೆದ್ರು, ಪ್ರಮೋಷನ್ ಹೋಯ್ತು, 2010ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅದು ಸರಿಯಿಲ್ಲ ಅಂತ ತೀರ್ಪು ಕೊಡ್ತು. ಬ್ರಿಗೇಡಿಯರ್‌ಗೇ 11 ವರ್ಷ ಬೇಕಾಯ್ತು ಅಂದ್ರೆ ಒಬ್ಬ ಹವಾಲ್ದಾರ್ ಯಾವ ಬಾಗಿಲು ತಟ್ತಾನೆ ಹೇಳಿ. ಇನ್ನು 2003ರಲ್ಲಿ ಅಸ್ಸಾಂನಲ್ಲಿ ಮೆಡಲ್ ಆಸೆಗೆ ಬದುಕಿರೋ ಜನರ ಮೇಲೆ ಟೊಮೆಟೊ ಕೆಚಪ್ ಸುರಿದು, ಸತ್ತ ಉಗ್ರರು ಅಂತ ಫೋಟೊ ತೆಗ್ಸಿದ ಕರ್ನಲ್ ವಿಷಯ ಎಲ್ಲರಿಗೂ ಗೊತ್ತು, ಅದರ ಬಗ್ಗೆ ಬರೆಯೋಕೂ ಮನಸ್ಸಿಲ್ಲ.

ಎಲ್ಲಾ ಆಫೀಸರ್‌ಗಳೂ ಹಂಗೆ ಅಂತ ನಾನು ಹೇಳಲ್ಲ. ರಾತ್ರಿ ಸೇತುವೆ ಕಟ್ಟುವಾಗ ನಮ್ಮ ಜೊತೆ ಎದೆಮಟ್ಟ ನೀರಲ್ಲಿ ನಿಂತ ಕ್ಯಾಪ್ಟನ್ ಸಾಹೇಬ್ರನ್ನ ನೋಡಿದೀನಿ, ಅವರಿಗೋಸ್ಕರ ಪ್ರಾಣ ಕೊಡೋಕೂ ರೆಡಿ ಇದ್ವಿ. ಲೆಫ್ಟಿನೆಂಟ್ ಕರ್ನಲ್ ತನಕ ವರ್ಷ ಆದ್ರೆ ಆಗ್ತಾರೆ, 13 ವರ್ಷಕ್ಕೆ, ಕರ್ನಲ್‌ನಿಂದ ಸೆಲೆಕ್ಷನ್ ಬೋರ್ಡು, ಅಲ್ಲಿಂದ ಶುರು ತಲೆಬಿಸಿ. ಸಿಕ್ಕಿರೋ ಕಮಾಂಡ್ ಎರಡು ಎರಡೂವರೆ ವರ್ಷದ್ದು, ಅಷ್ಟರಲ್ಲಿ ಏನಾದ್ರೂ ತೋರಿಸ್ಬೇಕು, ಒಂದು ತಪ್ಪೂ ಆಗ್ಬಾರ್ದು. ಅದಕ್ಕೇ ಜನರಲ್ ವಿಸಿಟ್ ಅಂದ್ರೆ ಟ್ರೈನಿಂಗ್ ನಿಲ್ಲುತ್ತೆ, ಗೇರು-ಚೂನಾ, ಅಂದ್ರೆ ಕೆಮ್ಮಣ್ಣು ಸುಣ್ಣ ಬಳಿಯೋದು ಶುರುವಾಗುತ್ತೆ, ಕಲ್ಲಿಗೂ ಮರಕ್ಕೂ ಬಣ್ಣ. ವಿಶಿಷ್ಟ ಸೇವಾ ಪದಕಗಳು ಎಲ್ಲಾ ರ್‍ಯಾಂಕ್‌ಗೂ ಅಂತ ಕಾಗದದಲ್ಲಿದೆ, ಪರಮ ವಿಶಿಷ್ಟ ಸೇವಾ ಪದಕದ ಲಿಸ್ಟ್ ಜನವರಿ 26ಕ್ಕೆ ತೆಗೆದು ನೋಡಿ, ಲೆಫ್ಟಿನೆಂಟ್ ಜನರಲ್‌ಗಳದ್ದೇ ಹೆಸರು. ಜವಾನ ಏನನ್ಕೋಬೇಕು ಅದನ್ನ ನೋಡಿ?

ಅಂಗಡಿ ವಿಷಯಕ್ಕೆ ವಾಪಸ್. ನನ್ನ ದೋಸ್ತ್ ಸೆಟ್ಟಲ್ಲಿ ಮೆಡಲ್ ಕಮ್ಮಿ, ಒಂದು 9 ವರ್ಷದ್ದಕ್ಕೆ ತುಕ್ಕಿನಂಥ ಕಲೆ ಬೇರೆ. ಮಾಸ್ಟರ್ ಪಾಲಿಷ್ ಹಾಕಿ ಉಜ್ಜಲ್ಲ, ಉಜ್ಜಿದ್ರೆ ಅಂಚಿನ ಅಕ್ಷರ ಸವೆಯುತ್ತೆ ಅಂತ ಬರೀ ಮೆತ್ತನೆ ಬಟ್ಟೇಲಿ ಒರೆಸಿ ಒರೆಸಿ ತೆಗೆದ್ರು. ಪಕ್ಕದಲ್ಲೇ ಯಾರೋ ದೊಡ್ಡ ಸಾಹೇಬ್ರ ಎರಡು ಸಾಲಿನ ಸೆಟ್ ಇತ್ತು, ಅದಕ್ಕೆ ಹಾಕಿದ ಬೋರ್ಡೇ ಇದಕ್ಕೂ, ಅದೇ ದಾರ, ಅದೇ ಪಿನ್, ರೇಟೂ ಮೆಡಲ್ ಲೆಕ್ಕದಲ್ಲೇ, ರ್‍ಯಾಂಕ್ ನೋಡಿ ಹೆಚ್ಚುಕಮ್ಮಿ ಇಲ್ಲ. ಇಷ್ಟು ನ್ಯಾಯ ನಮ್ಮ ಅವಾರ್ಡ್ ಕಮಿಟಿಗಳಲ್ಲಿ ಇದ್ದಿದ್ರೆ ಸಾಕಿತ್ತು. ಕೊರಿಯರ್‌ನಲ್ಲಿ ಅರಸೀಕೆರೆಗೆ ಕಳಿಸ್ತೀನಿ ಅಂದ್ರು, ನಾನೇ ತಗೊಂಡು ಹೋಗಿ ಕೊಟ್ಟೆ. ಅವನು ಬೀರುವಿನ ಬಾಗಿಲಿಗೆ ನೇತಾಕಿದಾನೆ, ಫಂಕ್ಷನ್‌ಗೆ ಹಾಕ್ಕೊಂಡು ಬಾರೋ ಅಂದ್ರೆ ಇನ್ನೂ ಹೂಂ ಅಂದಿಲ್ಲ.

ಅರ್ಧ ಸ್ಟಾರ್ ಯಾಕೆ ಕಟ್ ಅಂದ್ರೆ, ಹೇಳಿದ ಡೇಟ್‌ಗಿಂತ ಒಂದು ವಾರ ಲೇಟು, ಫೋನ್ ಎತ್ತಲ್ಲ. ಎರಡನೇದು ಇನ್ನೂ ಮುಖ್ಯ, ಶೋಕೇಸಲ್ಲಿ ವೀರ ಚಕ್ರ, ಶೌರ್ಯ ಚಕ್ರದ ಕಾಪಿಗಳನ್ನ ಇಟ್ಟಿದಾರೆ, ಐಡಿ ಕೇಳಿಯೇ ಕೊಡ್ತೀವಿ ಅಂತಾರೆ ನಿಜ, ಆದ್ರೂ ಅದನ್ನ ಬೆಲ್ಟು ಬಕಲ್ ಪಕ್ಕ ಗಾಜಿನಲ್ಲಿಟ್ಟು ತೋರಿಸ್ಬಾರ್ದು, ಒಳಗಿಡಿ ಅಂತ ಹೇಳಿ ಬಂದಿದೀನಿ.

ಹೋಗೋರಿಗೆ: ಡಿಸ್ಚಾರ್ಜ್ ಬುಕ್ ಜೆರಾಕ್ಸ್ ತಗೊಂಡು ಹೋಗಿ, ಯಾವ ಮೆಡಲ್ ಎಂಟ್ರಿ ಇದೆ ಅಂತ ಅವರೇ ನೋಡಿ ಬಿಟ್ಟೋಗಿರೋದನ್ನ ಹೇಳ್ತಾರೆ. ಬೈಕ್ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಸಿಗಲ್ಲ. ಜನವರಿ, ಜುಲೈ, ಆಗಸ್ಟ್‌ನಲ್ಲಿ ರಶ್ಶು, ಒಂದು ತಿಂಗಳು ಮೊದ್ಲೇ ಕೊಡಿ. ಒರಿಜಿನಲ್ ಕೊಡುವಾಗ ಅಂಚಿನ ನಂಬರ್‌ನ ಮೊಬೈಲಲ್ಲಿ ಫೋಟೊ ತಕ್ಕೊಂಡು ಆಮೇಲೆ ಕೊಡಿ.