ವೆಬ್‌ಕ್ಯಾಮ್ ಬಾರ್‌ಕೋಡ್ ಸೆಟ್ ತಗೊಳ್ಳೋ ಮುಂಚೆ ಇದನ್ನು ಓದಿ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಕಾಕಾನ ಕಿರಾಣಿ ಅಂಗಡಿ ಇದೆ. ಅಲ್ಲಿಗೆ ಒಬ್ಬರು ಬಂದು ಬಿಲ್ಲಿಂಗ್ ಸೆಟ್ ಮಾರಿ ಹೋದರು. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಒಂದು ವೆಬ್‌ಕ್ಯಾಮ್, ಜೊತೆಗೆ ಅವರದೇ ಸಾಫ್ಟ್‌ವೇರ್. ‘ಬೇರೆ ಸ್ಕ್ಯಾನರ್ ಬೇಕಿಲ್ಲ, ಕ್ಯಾಮೆರಾನೇ ಓದುತ್ತೆ’ ಅನ್ನೋದು ಅವರ ಮಾತು. ಹೆಸರು ಬರೆಯುವುದಿಲ್ಲ. ಇಂಥ ಸೆಟ್ ಮಾರುವವರು ಅವರೊಬ್ಬರೇ ಇರಲಿಕ್ಕಿಲ್ಲ.

ಡೆಮೊ ಚೆನ್ನಾಗಿಯೇ ಆಗಿತ್ತು. ಹಗಲು ಹೊತ್ತು, ಬಾಗಿಲ ಪಕ್ಕ, ಅವರದೇ ಲ್ಯಾಪ್‌ಟಾಪ್, ಅವರದೇ ಕ್ಯಾಮೆರಾ. ಆದರೆ ಸೆಟ್‌ನಲ್ಲಿ ಬಂದದ್ದು ಬೇರೆ ಕ್ಯಾಮೆರಾ. ಸ್ವಲ್ಪ ದಿನಕ್ಕೆ ಕಾಕಾ ಫೋನ್ ಮಾಡಿದರು: “ತಮ್ಮಾ, ಇದು ಒಂದ್ಸಲ ಓದತೈತಿ, ಒಂದ್ಸಲ ಸುಮ್ನ ಕುಂದರತೈತಿ. ಒಮ್ಮೆ ಬಂದು ನೋಡಿ ಹೋಗು.”

ಹೋಗಿ ನೋಡಿದೆ. ಅಗ್ಗದ ವೆಬ್‌ಕ್ಯಾಮ್‌ಗಳಲ್ಲಿ ಸಾಮಾನ್ಯವಾಗಿ ಆಟೋಫೋಕಸ್ ಇರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಮುಖ ಕಾಣಬೇಕು, ಅಷ್ಟು ದೂರಕ್ಕೆ ಫೋಕಸ್ ಕೂರಿಸಿಬಿಟ್ಟಿರುತ್ತಾರೆ. ಸೋಪಿನ ಪೊಟ್ಟಣವನ್ನು ಹತ್ತಿರ ಹಿಡಿದರೆ ಗೆರೆಗಳು ಮಸುಕು. ದೂರ ಹಿಡಿದರೆ ಗೆರೆ ಸ್ಪಷ್ಟ, ಆದರೆ ಕೋಡ್ ತೀರಾ ಚಿಕ್ಕದು. ಕಿರಾಣಿ ಸಾಮಾನಿನ ಮೇಲಿರುವ, 13 ಅಂಕಿಯ ಇಎಎನ್-13 ಕೋಡ್‌ನ ಅಗಲವನ್ನು 95 ಸಮಭಾಗ ಮಾಡಿರುತ್ತಾರೆ. ಚಿತ್ರದ ಅಗಲ 640 ಪಿಕ್ಸೆಲ್, ಅದರಲ್ಲಿ ಕೋಡ್ ಕಾಲು ಭಾಗ ಅಂದರೆ 160 ಪಿಕ್ಸೆಲ್. ಒಂದೊಂದು ಭಾಗಕ್ಕೆ ಎರಡು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಯಾವ ಸಾಫ್ಟ್‌ವೇರ್ ಆದರೂ ಏನು ಮಾಡೀತು?

ಡಬ್ಬಿಯ ಮೇಲೆ 1080ಪಿ (ಅಂದರೆ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ) ಅಂತ ಇತ್ತಲ್ಲ ಅಂತೀರಾ? ಒಂದೇ ದಿನಪತ್ರಿಕೆಯ ಪುಟವನ್ನು ಮೊದಲು 640ರಲ್ಲಿ, ಆಮೇಲೆ 1080ರಲ್ಲಿ ಫೋಟೋ ತೆಗೆದೆ. ಎರಡನೆಯದು ದೊಡ್ಡದಿತ್ತು, ಅಷ್ಟೇ. ಮೊದಲನೆಯದರಲ್ಲಿ ಓದಲಾಗದ ಒಂದು ಅಕ್ಷರವೂ ಎರಡನೆಯದರಲ್ಲಿ ಓದಲಾಗಲಿಲ್ಲ. ಚಿಕ್ಕ ಚಿತ್ರವನ್ನು ಎಳೆದು ಹಿಗ್ಗಿಸಿ 1080 ಅಂತ ತೋರಿಸುವ ಕ್ಯಾಮೆರಾ ಅದು. ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಅಂಕಿಯನ್ನು ನಂಬಬೇಡಿ.

ಓದದೇ ಇದ್ದರೆ ಹೇಗೋ ನಡೀತಿತ್ತು, ಕೈಯಲ್ಲಿ ಟೈಪ್ ಮಾಡಬಹುದು. ತಪ್ಪು ಓದಿದ್ದೇ ಜಾಸ್ತಿ ನಷ್ಟ ಮಾಡಿತು. ಪ್ರೋಗ್ರಾಂ ತೆರೆದು ನೋಡಿದರೆ ಪೈಥಾನ್ ಭಾಷೆ, ಚಿತ್ರ ಸಂಸ್ಕರಿಸುವ ಓಪನ್‌ಸಿವಿ, ಬಾರ್‌ಕೋಡ್ ಓದುವ ಪೈಝಡ್‌ಬಾರ್. ಇವೆಲ್ಲ ಒಳ್ಳೆಯ, ಉಚಿತ ಸಾಮಗ್ರಿಗಳೇ. ಆದರೆ ಯಾವ ಬಗೆಯ ಕೋಡ್ ಓದಬೇಕು ಅಂತ ಹೇಳದಿದ್ದರೆ ಪೈಝಡ್‌ಬಾರ್ ತನಗೆ ಗೊತ್ತಿರುವ ಎಲ್ಲ ಬಗೆಯನ್ನೂ ಹುಡುಕುತ್ತದೆ. ಮಾರಿದವರು ಹಾಗೇ ಬಿಟ್ಟಿದ್ದರು. ಅದರಲ್ಲಿ ಇಂಟರ್‌ಲೀವ್ಡ್ 2 ಆಫ್ 5 ಅನ್ನೋದು ಒಂದು. ಅದರ ಶುರು ಮತ್ತು ಕೊನೆಯ ಗುರುತು ತುಂಬಾ ಸರಳ, ತಾಳೆ ಅಂಕಿ (ಉಳಿದ ಅಂಕಿಗಳನ್ನು ಸರಿಯಾಗಿ ಓದಿದೆಯೇ ಅಂತ ಪರೀಕ್ಷಿಸುವ ಅಂಕಿ) ಕಡ್ಡಾಯವಲ್ಲ. ಹಾಗಾಗಿ ಬೇರೆ ಗೆರೆಗಳ ಒಂದು ತುಂಡೂ ಅದಕ್ಕೆ ಕೋಡ್ ಥರ ಕಂಡುಬಿಡುತ್ತದೆ.

ಹಾಗೆ ಬಂದ ಸಂಖ್ಯೆ ಪಟ್ಟಿಯಲ್ಲಿ ಇರುವುದಿಲ್ಲ. ಆಗ ಪರದೆಯ ಮೇಲೆ ‘ಹೊಸ ಐಟಂ, ಹೆಸರು ಮತ್ತು ದರ ಹಾಕಿ’. ಗಿರಾಕಿಗಳು ಸಾಲಾಗಿ ನಿಂತಿರುತ್ತಾರೆ, ಗಲ್ಲೆಯ ಹುಡುಗ ‘ಸೋಪ್’ ಅಂತ ಹೊಡೆದು ದರ ಹಾಕಿ ಮುಂದೆ ಹೋಗುತ್ತಾನೆ. ಅವನ ತಪ್ಪೇನೂ ಇಲ್ಲ. ಪಟ್ಟಿಯಲ್ಲಿ ಒಂದೇ ಸೋಪು ಏಳೆಂಟು ಹೆಸರಲ್ಲಿ ಕೂತಿತ್ತು. ನಿಜವಾದ ಸೋಪು ಮಾತ್ರ ಸ್ಟಾಕ್‌ನಲ್ಲಿ ಒಂದೂ ಮಾರಾಟವಾಗಿರಲಿಲ್ಲ!

ಇಎಎನ್-13ರಲ್ಲಿ ತಾಳೆ ಅಂಕಿ ಇದೆ, ನಿಜ. ಮೊದಲ 12 ಅಂಕಿಗಳನ್ನು ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿಸಬೇಕು. ಆ ಮೊತ್ತವನ್ನು 10ರ ಗುಣಕಕ್ಕೆ ಮುಟ್ಟಿಸುವುದೇ 13ನೆಯ ಅಂಕಿ. ಒಂದು ಅಂಕಿ ತಪ್ಪಿದರೆ ಖಂಡಿತ ಸಿಕ್ಕಿಬೀಳುತ್ತದೆ. ಆದರೆ ಅಂಕಿಗಳೆಲ್ಲ ಕಲಸಿಹೋದರೆ ಹತ್ತರಲ್ಲಿ ಒಂದು ಸಲ ಸುಮ್ನೆ ತಾಳೆಯಾಗಿಬಿಡಬಹುದು. (890ರಿಂದ ಶುರುವಾದರೆ ಭಾರತದಲ್ಲೇ ತಯಾರಾದದ್ದು ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದೂ ಸರಿಯಲ್ಲ. ಕಂಪನಿ ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆಯಾದ ಜಿಎಸ್1 ಇಂಡಿಯಾದಿಂದ ಸಂಖ್ಯೆ ಪಡೆದಿದೆ ಅಂತಷ್ಟೇ ಅರ್ಥ.)

ಪೈ ಕಥೆ ಬೇರೆ. 5 ವೋಲ್ಟ್ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕಾದ ಕಡೆ ಹಳೆಯ ಮೊಬೈಲ್ ಚಾರ್ಜರ್ ಕೊಟ್ಟಿದ್ದರು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ಕರೆಂಟ್ ಸಾಲುತ್ತಿಲ್ಲ ಅಂತ ತಿಳಿಯಿರಿ. ಯುಪಿಎಸ್ ಕೂಡ ಇರಲಿಲ್ಲ. ಕರೆಂಟ್ ಹೋದಾಗ ಎಸ್‌ಡಿ ಕಾರ್ಡ್ ಕೆಟ್ಟರೆ ಲೆಕ್ಕವೆಲ್ಲ ಹೋದಂತೆಯೇ.

ಮಾರಿದವರಿಗೆ ಫೋನ್ ಮಾಡಿದರೆ ‘ವಿಡಿಯೋ ಕಾಲ್‌ನಲ್ಲಿ ಮುಖ ಕಾಣ್ತದಲ್ರೀ, ಕ್ಯಾಮೆರಾ ಸರಿ ಇದೆ’ ಅಂದರು. ವಾಪಸ್ ತಗೊಳ್ಳಲಿಲ್ಲ.

ಈಗಾಗಲೇ ಕೊಂಡಿದ್ದರೆ, ಅಥವಾ ನೀವೇ ಇಂಥದ್ದು ಬರೆಯುತ್ತಿದ್ದರೆ, ಪೈಝಡ್‌ಬಾರ್‌ಗೆ ಇಎಎನ್-13 ಮತ್ತು 8 ಅಂಕಿಯ ಇಎಎನ್-8 ಮಾತ್ರ ಓದಲು ಹೇಳಿ. ಸತತ ಮೂರು ಫ್ರೇಮ್‌ಗಳಲ್ಲಿ (ವಿಡಿಯೋದ ಬಿಡಿ ಚಿತ್ರಗಳಲ್ಲಿ) ಅದೇ ಸಂಖ್ಯೆ ಬಂದರೆ ಮಾತ್ರ ಒಪ್ಪಿ. ಕೆಲವು ಕ್ಯಾಮೆರಾಗಳ ಲೆನ್ಸ್ ಉಂಗುರ ತಿರುಗುತ್ತದೆ. ತಿರುಗಿಸಿ ಫೋಕಸ್ ಹತ್ತಿರಕ್ಕೆ ತನ್ನಿ, ಮೇಲೊಂದು ಎಲ್‌ಇಡಿ ಬಲ್ಬ್ ಹಾಕಿ. ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ಒಂದೊಂದು ಫ್ರೇಮ್‌ಗೂ ಜಾಸ್ತಿ ಹೊತ್ತು ತಗೊಳ್ಳುತ್ತದೆ, ಕೈ ಅಲುಗಿದರೆ ಗೆರೆ ಕಲಸುತ್ತದೆ. ಮನೆಯ ಪುಸ್ತಕಗಳ ಪಟ್ಟಿಗೆ ಇಷ್ಟು ಸಾಕು. ಅಂಗಡಿಯ ಗಲ್ಲೆಗೆ ಮಾತ್ರ ಬೇಡ ಅಂತಲೇ ನನ್ನ ಮಾತು. ಯುಎಸ್‌ಬಿ ಕೈ ಸ್ಕ್ಯಾನರ್ ಕಂಪ್ಯೂಟರ್‌ಗೆ ಕೀಬೋರ್ಡ್ ಥರವೇ ಕಾಣುತ್ತದೆ, ಅದಕ್ಕೆ ಕ್ಯಾಮೆರಾ ಪ್ರೋಗ್ರಾಂ ಬೇಕಾಗಿಲ್ಲ. ಕಾಕಾ ಈಗ ಅದನ್ನೇ ಬಳಸುತ್ತಾರೆ.

ಸ್ಕ್ಯಾನರ್ ಬದಲಿಸಿದ ಮೇಲೆ ಹಳೆಯ ಪಟ್ಟಿಯನ್ನು ಹಾಗೇ ಬಿಡಬೇಡಿ. 13 ಅಥವಾ 8 ಅಂಕಿ ಇಲ್ಲದ ಕೋಡ್‌ಗಳನ್ನು ಬೇರೆ ಮಾಡಿ, ಅವುಗಳ ಹೆಸರಲ್ಲಿರುವ ಮಾರಾಟವನ್ನು ನಿಜವಾದ ಐಟಂಗೆ ಸೇರಿಸಿ, ಆಮೇಲೆ ಅಳಿಸಿ. ಮೊದಲೇ ಅಳಿಸಿದರೆ ಮಾರಾಟದ ಲೆಕ್ಕವೂ ಜೊತೆಗೆ ಹೋಗಬಹುದು.